ಉತ್ತರಹಳ್ಳಿಯ ಬೇಳೆ ಬೇಯಲು ಏಕೆ ತಡ?

ಮಂಗಳೂರಿನಿಂದ ಉತ್ತರಹಳ್ಳಿಯ ನಮ್ಮ ಮನೆಗೆ ಬಂದ ತಂಗಿಯದ್ದು ಒಂದೇ ದೂರು: "ಊರಲ್ಲಿ ತೆರೆದ ಪಾತ್ರೆಯಲ್ಲೇ ಬೇಯುವ ಬೇಳೆ ಇಲ್ಲಿ ಬೇಯುವುದೇ ಇಲ್ಲ." ನೀವೂ ಹೀಗೆಂದು ಅಂಗಡಿಯವನನ್ನು ದೂರಿರಬಹುದು. ತಪ್ಪು ಅವನದಲ್ಲ.

ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ. ಹಾಗಾಗಿ ನೀರು 100ರ ಬದಲು ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ಮೂರೇ ಡಿಗ್ರಿ ತಾನೇ ಎನ್ನಬೇಡಿ.

ಬೇಯುವಾಗ ಬೇಳೆಯೊಳಗೆ ರಾಸಾಯನಿಕ ಕ್ರಿಯೆಗಳು ನಡೆಯುತ್ತವೆ. ಅದಕ್ಕೆ ಅಣುಗಳು ಶಕ್ತಿಯ ಒಂದು ಹೊಸ್ತಿಲು ದಾಟಬೇಕು. ಈ ಹೊಸ್ತಿಲಿಗೆ ಸಕ್ರಿಯಣ ಶಕ್ತಿ ಎಂದು ಹೆಸರು. ದಾಟುವಷ್ಟು ಶಕ್ತಿ ಇರುವ ಅಣುಗಳು ಕೆಲವೇ. ಉಷ್ಣತೆ ತುಸು ಏರಿದರೂ ಅವುಗಳ ಸಂಖ್ಯೆ ಬಹಳ ಏರುತ್ತದೆ, ಇಳಿದರೆ ಹಾಗೆಯೇ ಕುಸಿಯುತ್ತದೆ. ಸ್ವೀಡನ್ನಿನ ವಿಜ್ಞಾನಿ ಅರ್ಹೇನಿಯಸ್ 1889ರಲ್ಲಿ ಇದನ್ನು ವಿವರಿಸಿದರು. 10 ಡಿಗ್ರಿ ಏರಿದರೆ ಅನೇಕ ಕ್ರಿಯೆಗಳ ವೇಗ ಇಮ್ಮಡಿಯಾಗುತ್ತದೆ ಎಂಬುದು ಸ್ಥೂಲ ಲೆಕ್ಕ.

ಹಾಗಾದರೆ ಉರಿ ಹೆಚ್ಚಿಸೋಣವೇ? ಪ್ರಯೋಜನವಿಲ್ಲ. (ಇದನ್ನು ಮನೆಯಲ್ಲಿ ಒಪ್ಪಿಸಲು ನನಗೆ ವರ್ಷಗಳೇ ಹಿಡಿದವು.) ತೆರೆದ ಪಾತ್ರೆಯಲ್ಲಿ ಕುದಿಯುವ ನೀರು ಮತ್ತಷ್ಟು ಬಿಸಿಯಾಗುವುದಿಲ್ಲ, ಬೇಗ ಹಬೆಯಾಗುತ್ತದೆ ಅಷ್ಟೆ. ಗ್ಯಾಸ್ ಮಾತ್ರ ಖಾಲಿ! ಕುಕ್ಕರ್‌ನಲ್ಲಾದರೋ ಹಬೆಯ ಒತ್ತಡದಿಂದ ನೀರು 120 ಡಿಗ್ರಿಯ ಸಮೀಪ ಮುಟ್ಟುತ್ತದೆ. ಸೀಟಿ ಬಂದೊಡನೆ ಉರಿ ಸಣ್ಣದು ಮಾಡಿ, ಒತ್ತಡ ಉಳಿದಿರುವಷ್ಟು ಹೊತ್ತು ಒಳಗಿನ ಬಿಸಿಯೂ ಇಳಿಯುವುದಿಲ್ಲ.