ಮೂರೆಳೆಯ ಹುರಿ

ಎರ್ಮಾಳಿನ ಕಡಲತೀರದಲ್ಲಿ ಮೀನುಗಾರರು ಬಲೆಯನ್ನು ದಡಕ್ಕೆ ಸೆಳೆಯುವಾಗ ಹಗ್ಗದ ಮೇಲೆ ಬೀಳುವ ಭಾರ ಅಪಾರವಾದುದು. ಆದರೂ ಹಗ್ಗ ಹರಿಯುವುದಿಲ್ಲ. ನಾರನ್ನು ಒಂದು ದಿಕ್ಕಿಗೆ ಹೊಸೆದು ಎಳೆಗಳನ್ನು ಮಾಡಿ, ಆ ಎಳೆಗಳನ್ನು ವಿರುದ್ಧ ದಿಕ್ಕಿಗೆ ಹುರಿಗೊಳಿಸಿದಾಗ ಅವು ಬಿಚ್ಚಿಕೊಳ್ಳದೆ ಒಂದನ್ನೊಂದು ಬಿಗಿಹಿಡಿಯುತ್ತವೆ. ಹಗ್ಗವನ್ನೆಳೆಯುವ ತೋಳಿನೊಳಗೂ ಪ್ರಕೃತಿ ಇದೇ ಉಪಾಯವನ್ನು ಬಳಸಿದೆ.

ನಮ್ಮ ದೇಹವು ಕೇವಲ ಜೀವಕೋಶಗಳ ರಾಶಿಯಲ್ಲ. ಜೀವಕೋಶಗಳು ತಮ್ಮ ಹೊರಗೆ ಪ್ರೋಟೀನುಗಳ ಹಂದರವೊಂದನ್ನು ಕಟ್ಟಿಕೊಳ್ಳುತ್ತವೆ. ಅದರಲ್ಲಿ ಮುಖ್ಯವಾದುದು ಕೊಲಾಜನ್. ಚರ್ಮ, ಮೂಳೆ, ಸ್ನಾಯುರಜ್ಜುಗಳಿಗೆ ದೃಢತೆಯನ್ನು ನೀಡುವುದು ಇದೇ. ಮಾನವನಲ್ಲಿ ಈ ಮನೆತನಕ್ಕೆ ಸೇರಿದ 28 ಬಗೆಗಳು ತಿಳಿದಿವೆ.

ಕೊಲಾಜನ್ನಿನ ರಚನೆಯನ್ನು ವಿವರಿಸಿದ ಕೀರ್ತಿ ಭಾರತೀಯರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್ ಅವರು, ಗೋಪೀನಾಥ ಕರ್ತಾ ಅವರೊಡನೆ, 1954ರಲ್ಲಿ ಮದರಾಸು ವಿಶ್ವವಿದ್ಯಾಲಯದಿಂದ ಮೂರೆಳೆಯ ಮಾದರಿಯನ್ನು ಪ್ರಕಟಿಸಿದರು. 1955ರಲ್ಲಿ ಅದನ್ನು ತಿದ್ದಿ ಹುರಿಯ ರೂಪಕ್ಕೆ ತಂದರು. ಮುಂದೆ ಬೆಂಗಳೂರಿನ ಅದೇ ಸಂಸ್ಥೆಯಲ್ಲಿ ಅಣುಜೈವಿಕ ಭೌತವಿಜ್ಞಾನ ವಿಭಾಗವನ್ನು ಕಟ್ಟಿದವರೂ ಅವರೇ.

ಪ್ರತಿಯೊಂದು ಎಳೆಯೂ ಸುಮಾರು ಸಾವಿರ ಅಮೈನೋ ಆಮ್ಲಗಳ ಸರಪಣಿ. ಎಳೆ ಎಡಕ್ಕೆ ತಿರುಚಿಕೊಂಡಿದ್ದರೆ, ಮೂರೂ ಸೇರಿದ ಹುರಿ ಬಲಕ್ಕೆ ತಿರುಚಿಕೊಂಡಿರುತ್ತದೆ. ಸರಪಣಿಯ ಪ್ರತಿ ಮೂರನೆಯ ಸ್ಥಾನದಲ್ಲಿಯೂ ಗ್ಲೈಸೀನ್ ಇರುತ್ತದೆ. ಅಮೈನೋ ಆಮ್ಲಗಳಲ್ಲೆಲ್ಲ ಅತಿ ಚಿಕ್ಕದಾದ ಅದಕ್ಕೆ ಮಾತ್ರ ಹುರಿಯ ನಡುವಿನ ಇಕ್ಕಟ್ಟಿನಲ್ಲಿ ಜಾಗವುಂಟು.

ಈ ಎಳೆಗಳು ಕಂಡ ಎಳೆಯೊಡನೆಲ್ಲ ಕೂಡುವುದಿಲ್ಲ. ಮೂಳೆಯ ಕೊಲಾಜನ್ನಿನಲ್ಲಿ ಎರಡು ಎಳೆಗಳು ಒಂದೇ ಬಗೆಯವು; ಮೂರನೆಯದು ಅವುಗಳ ದಾಯಾದಿ. ಎಳೆಗಳ ತುದಿಯಲ್ಲಿರುವ ವಿಶೇಷ ಭಾಗಗಳು ತಕ್ಕ ಜೊತೆಯನ್ನು ಗುರುತಿಸಿ ಕೂಡಿಕೊಳ್ಳುತ್ತವೆ. ಅಲ್ಲಿಂದ ಇನ್ನೊಂದು ತುದಿಯವರೆಗೆ ಹುರಿ ಬಿಗಿಯುತ್ತಾ ಸಾಗುತ್ತದೆ. ಜೀವಕೋಶದಿಂದ ಹೊರಬಂದಾಗ ಕಿಣ್ವಗಳು ಆ ತುದಿಗಳನ್ನು ಕತ್ತರಿಸಿಹಾಕುತ್ತವೆ. ಉಳಿದ 300 ನ್ಯಾನೊಮೀಟರ್ ಉದ್ದದ ಹುರಿಗಳು ಸುಮಾರು 67 ನ್ಯಾನೊಮೀಟರಿನಷ್ಟು ಹಿಂದುಮುಂದಾಗಿ, ಗೋಡೆಯ ಇಟ್ಟಿಗೆಗಳಂತೆ ಜೋಡಿಸಿಕೊಂಡು ನಾರುಗಳಾಗುತ್ತವೆ. ಅನಂತರ ಅಡ್ಡಬಂಧಗಳು ಅವುಗಳನ್ನು ಭದ್ರಪಡಿಸುತ್ತವೆ. ಎಲ್ಲ ಬಗೆಗಳೂ ನಾರಾಗುವುದಿಲ್ಲ. ನಾಲ್ಕನೆಯ ಬಗೆಯ ಕೊಲಾಜನ್ ಬಲೆಯಂತೆ ಹರಡಿಕೊಂಡು ಜೀವಕೋಶಗಳ ಪದರಕ್ಕೆ ಆಧಾರವಾಗುತ್ತದೆ.

ಈ ಜೋಡಣೆಯಲ್ಲಿ ಲೋಪವಾದರೆ ಏನಾಗುತ್ತದೆ? ಹುರಿ ಸ್ಥಿರವಾಗಿ ನಿಲ್ಲಲು ಸಿ ಜೀವಸತ್ವದ ನೆರವು ಬೇಕು. ಹಣ್ಣು ತರಕಾರಿಗಳಿಲ್ಲದೆ ತಿಂಗಳುಗಟ್ಟಲೆ ಸಮುದ್ರಯಾನ ಮಾಡುತ್ತಿದ್ದ ಹಿಂದಿನ ನಾವಿಕರ ಒಸಡುಗಳಲ್ಲಿ ರಕ್ತ ಒಸರುತ್ತಿತ್ತು. ಮಾಗಿದ ಗಾಯಗಳೂ ಮತ್ತೆ ಬಿರಿಯುತ್ತಿದ್ದವು. ಇದೇ ಸ್ಕರ್ವಿ ರೋಗ. ಇನ್ನು ಹುಟ್ಟಿನಿಂದಲೇ ಒಂದು ಗ್ಲೈಸೀನಿನ ಸ್ಥಾನದಲ್ಲಿ ದೊಡ್ಡ ಅಮೈನೋ ಆಮ್ಲವೊಂದು ಬಂದು ಕುಳಿತರೂ ಸಾಕು, ಹುರಿಯ ಬಿಗಿ ಕೆಡಬಹುದು. ಅಂತಹ ಕೆಲವು ಮಕ್ಕಳ ಮೂಳೆಗಳು ಸಣ್ಣ ಪೆಟ್ಟಿಗೂ ಮುರಿಯುತ್ತವೆ.

ಸಾವಿರದಲ್ಲಿ ಒಂದು ಕೊಂಡಿಯ ದೋಷವು ಇಡೀ ದೇಹದ ದೌರ್ಬಲ್ಯವಾಗಬಲ್ಲದು. ಆದುದರಿಂದ ದೇಹದ ಬಲವನ್ನು ಅರಿಯಬೇಕಾದರೆ, ಅದು ಯಾವ ವಸ್ತುವಿನಿಂದಾಗಿದೆ ಎಂದು ತಿಳಿದರೆ ಸಾಲದು. ಆ ವಸ್ತು ಹೇಗೆ ಕೂಡಿಕೊಂಡಿದೆ ಎಂಬುದನ್ನೂ ತಿಳಿಯಬೇಕು.