ಚುಚ್ಚುಮದ್ದಿಗೆ ಮುಂಚಿನ ಮೈಕಟ್ಟು

ಕೆ.ವಿ. ಅಯ್ಯರ್ ಎಂದೊಡನೆ ಕನ್ನಡದ ಓದುಗರಿಗೆ ನೆನಪಾಗುವುದು ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳು. ಬೆಂಗಳೂರಿನ ಹಳಬರಿಗಾದರೋ ಅವರು ಮೊದಲು ವ್ಯಾಯಾಮದ ಗುರು, ಆಮೇಲೆ ಸಾಹಿತಿ. ಹರ್ಕ್ಯುಲಿಸ್ ಜಿಮ್ನಾಷಿಯಂ ನಡೆಸುತ್ತಿದ್ದ ಅವರು ದೂರದ ಊರಿನವರಿಗೆ ಅಂಚೆಯ ಮೂಲಕವೂ ಪಾಠ ಕಳಿಸುತ್ತಿದ್ದರು. 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕ ಬರೆದರು. ಆ ಕಾಲದ ಅವರ ಭಾವಚಿತ್ರಗಳಲ್ಲಿ ಕಾಣುವ ಎದೆ, ತೋಳು, ಹೊಟ್ಟೆಯ ಗೆರೆಗಳು ಇಂದಿನ ಹುಡುಗರನ್ನೂ ನಾಚಿಸುವಂಥವು.

ಇಲ್ಲಿ ಇಸವಿ ಮುಖ್ಯ. ಗಂಡಸಿನ ದೇಹದಲ್ಲಿ ಸ್ನಾಯು ಬೆಳೆಸುವ ಟೆಸ್ಟೋಸ್ಟಿರೋನ್ ಎಂಬ ರಸವನ್ನು ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ತಯಾರಿಸಿದ್ದು 1935ರಲ್ಲಿ. ಅದರ ಸೋದರ ಸಂಬಂಧಿಯಾದ ಡಯಾನಬಾಲ್ ಮಾತ್ರೆ ಅಮೆರಿಕದ ಪೇಟೆಗೆ ಬಂದದ್ದು 1958ರಲ್ಲಿ. ಎಂದಮೇಲೆ ಅಯ್ಯರ್ ಅವರ ಮೈಕಟ್ಟಿಗೆ ಔಷಧಿಯ ಸಹಾಯವಿತ್ತೆಂದು ಯಾರೂ ಅನುಮಾನಿಸುವ ಹಾಗಿಲ್ಲ. ಸಹಜವಾಗಿ ದೇಹ ಎಲ್ಲಿಯವರೆಗೆ ಬೆಳೆದೀತು ಎಂಬ ಪ್ರಶ್ನೆಗೆ ಆ ಹಳೆಯ ಚಿತ್ರಗಳಿಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಅವರ ವಿಧಾನದಲ್ಲಿ ಗುಟ್ಟೇನೂ ಇರಲಿಲ್ಲ. ಪಶ್ಚಿಮದ ಭಾರದ ಕಬ್ಬಿಣದ ಜೊತೆಗೆ ನಮ್ಮ ಸೂರ್ಯನಮಸ್ಕಾರ, ಆಸನಗಳನ್ನು ಅವರು ಬೆರೆಸಿದರು. ಮೈಸೂರಿನ ಗರಡಿಗಳಲ್ಲಿ ಅದಕ್ಕೂ ಮುಂಚಿನಿಂದ ದಂಡ, ಬಸ್ಕಿ, ಗದೆ ಇದ್ದೇ ಇದ್ದವು.

ಹಾಗಾದರೆ ಮೈಮುರಿದು ದುಡಿಯುವವರೆಲ್ಲ ಏಕೆ ಪೈಲ್ವಾನರಾಗುವುದಿಲ್ಲ? ನರಸಿಂಹರಾಜಪುರ ತಾಲೂಕಿನ ಕಡಹಿನಬೈಲಿನಂಥ ಮಲೆನಾಡಿನ ಊರುಗಳನ್ನೇ ನೋಡಿ. ಅಡಿಕೆ ಮರ ಹತ್ತಿ ಕೊನೆ ಇಳಿಸುವವರ ತೋಳಿನಲ್ಲಿ ಶಕ್ತಿಯಿದೆ, ಗಾತ್ರವಿಲ್ಲ. ಕಾರಣ ಸರಳ. ಈ ವರ್ಷವೂ ಮರ ಅದೇ, ಎತ್ತಬೇಕಾದ್ದು ತಮ್ಮ ಅದೇ ಮೈಭಾರ. ದೇಹ ಆ ಕೆಲಸಕ್ಕೆ ಬೇಕಾದಷ್ಟು ಸ್ನಾಯು ಕಟ್ಟಿಕೊಂಡು ಅಲ್ಲಿಗೆ ನಿಲ್ಲುತ್ತದೆ. ಇಡೀ ದಿನದ ದುಡಿಮೆ ತಿಂದ ಅನ್ನವನ್ನೆಲ್ಲ ಸುಟ್ಟುಬಿಡುತ್ತದೆ. ಸ್ನಾಯು ಬೆಳೆಯಬೇಕಾದರೆ ಭಾರ ಸ್ವಲ್ಪಸ್ವಲ್ಪವೇ ಏರುತ್ತಿರಬೇಕು. ಹೀಗೆ ದಣಿದ ಸ್ನಾಯು ತನ್ನನ್ನು ತಾನು ಕಟ್ಟಿಕೊಳ್ಳುವುದು ವ್ಯಾಯಾಮದ ಹೊತ್ತಿನಲ್ಲಲ್ಲ, ಆಮೇಲಿನ ಒಂದೆರಡು ದಿನಗಳ ವಿಶ್ರಾಂತಿಯಲ್ಲಿ, ಅದರಲ್ಲೂ ನಿದ್ದೆಯಲ್ಲಿ. ಆದ್ದರಿಂದ ಅದೇ ತೋಳಿಗೆ ದಿನವೂ ಭಾರ ಹೊರಿಸುವುದು ಹೆಚ್ಚಿನ ಲಾಭದ ಮಾತಲ್ಲ.

ಕಟ್ಟುವ ಸಾಮಗ್ರಿ ಪ್ರೋಟೀನು. ವ್ಯಾಯಾಮ ಮಾಡುವವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ ಸಾಕು; 60 ಕಿಲೋ ತೂಗುವವನಿಗೆ 96 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ನೂರು ಗ್ರಾಂ ಹುರುಳಿಯಲ್ಲಿ 22 ಗ್ರಾಂ ಇರುತ್ತದೆ. ಅನ್ನ, ತಿಳಿಸಾರು, ಮಜ್ಜಿಗೆಯ ನಮ್ಮ ಊಟದಲ್ಲಿ ಕೊರತೆ ಬೀಳುವುದು ಇಲ್ಲೇ. ಡಬ್ಬಿಯ ಪುಡಿ ಇಲ್ಲದೆಯೂ ಕಾಳು, ಹಾಲು, ಮೊಟ್ಟೆ, ಮೀನಿನಿಂದ ಇದನ್ನು ತುಂಬಿಸಬಹುದು.

ಔಷಧಿ ಕೆಲಸ ಮಾಡುವುದಿಲ್ಲ ಎಂದು ಹೇಳಿ ಹುಡುಗರನ್ನು ತಡೆಯಲು ಹೋದರೆ ಅವರು ನಂಬುವುದಿಲ್ಲ, ನಂಬಲೂ ಬಾರದು. 1996ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ 43 ಗಂಡಸರನ್ನು ಹತ್ತು ವಾರ ಪರೀಕ್ಷಿಸಿದರು. ದೊಡ್ಡ ಪ್ರಮಾಣದ ಟೆಸ್ಟೋಸ್ಟಿರೋನ್ ಚುಚ್ಚಿಸಿಕೊಂಡು ಸುಮ್ಮನೆ ಕುಳಿತವರಿಗೆ ಕೊಬ್ಬಲ್ಲದ ತೂಕ ಸುಮಾರು 3 ಕಿಲೋ ಏರಿತು. ಔಷಧಿಯಿಲ್ಲದೆ ಬೆವರು ಸುರಿಸಿದವರಿಗೆ ಏರಿದ್ದು ಸುಮಾರು 2 ಕಿಲೋ! ಪ್ರಲೋಭನೆ ಎಷ್ಟು ದೊಡ್ಡದೆಂಬುದು ಇದರಿಂದ ತಿಳಿಯುತ್ತದೆ.

ಬೆಲೆ ಆಮೇಲೆ ತೆರಬೇಕು. ಹೊರಗಿನಿಂದ ರಸ ಬರುತ್ತಿದೆಯೆಂದು ತಿಳಿದ ಮೆದುಳು ವೃಷಣಗಳಿಗೆ ಆಜ್ಞೆ ಕಳಿಸುವುದನ್ನು ನಿಲ್ಲಿಸುತ್ತದೆ. ಅವು ಕುಗ್ಗುತ್ತವೆ, ವೀರ್ಯಾಣು ಕಡಿಮೆಯಾಗುತ್ತದೆ. ಔಷಧಿ ಬಿಟ್ಟ ಮೇಲೆ ಮತ್ತೆ ಹದಕ್ಕೆ ಬರಲು ತಿಂಗಳುಗಳೇ ಬೇಕಾಗಬಹುದು. ಹೃದಯದ ಗೋಡೆ ದಪ್ಪವಾಗುವುದು, ಒಳ್ಳೆಯ ಕೊಲೆಸ್ಟರಾಲ್ ಇಳಿಯುವುದು ಕನ್ನಡಿಯಲ್ಲಿ ಕಾಣುವುದಿಲ್ಲ. ಮಾತ್ರೆಗಳಾದರೆ ಯಕೃತ್ತಿಗೂ ಪೆಟ್ಟು.

ಜಿಮ್ಮಿನ ದುಡ್ಡು ಹೊಂದಿಸಲಾಗದವರು ಗೋಣಿಚೀಲದಲ್ಲಿ 10 ಕಿಲೋ ಮರಳು ತುಂಬಿ, ಹೆಗಲ ಮೇಲಿಟ್ಟು ಬಸ್ಕಿ ತೆಗೆಯಲಿ. ಹನ್ನೆರಡು ಬಸ್ಕಿ ಹಗುರವೆನಿಸಿದ ವಾರ ಇನ್ನೆರಡು ಸೇರು ಮರಳು ಸುರಿದುಕೊಳ್ಳಲಿ.