ಹೊಳೆ ದಂಡೆಯ ಲೆಕ್ಕ ಇಡೋರು ಯಾರು?

ಬಾದನಹಟ್ಟಿಯಲ್ಲಿ ನಿಂತು 'ಬೀಚ್' ಅಂದ್ರೆ ಯಾರಾದ್ರೂ ನಗ್ತಾರೆ. ಸಮುದ್ರ ನೋಡಬೇಕಂದ್ರೆ ಇಲ್ಲಿಂದ ರಾಜ್ಯವನ್ನೇ ಅಡ್ಡ ದಾಟಬೇಕು. ಆದರೆ ಕಂಪ್ಲಿ, ಕುರುಗೋಡು, ಸಿರುಗುಪ್ಪ ಸೀಮೆಗೆ ದಂಡೆಯೇ ಇಲ್ಲ ಅಂತೇನಿಲ್ಲ. ತುಂಗಭದ್ರೆ ಇದೆ. ಡ್ಯಾಮಿನಲ್ಲಿ ಎಷ್ಟು ಟಿಎಂಸಿ ನೀರಿದೆ ಅಂತ ಇಲ್ಲಿ ಚಹಾದಂಗಡಿಯಲ್ಲಿ ಕೇಳಿದರೂ ಸಿಗುತ್ತೆ. ಅದೇ ಹೊಳೆಯ ದಂಡೆಯಲ್ಲಿ ಈ ವಾರ ಏನು ಬದುಕಿತ್ತು, ಏನು ಸತ್ತಿತ್ತು ಅಂತ ಕೇಳಿ ನೋಡಿ. ಆ ಲೆಕ್ಕ ಇಡುವುದು ಹೇಗೆ, ಇಟ್ಟರೆ ಏನು ಪ್ರಯೋಜನ ಅನ್ನೋದು ಈ ಬರಹದ ವಿಷಯ.

ಮೊದಲು ಒಂದು ಸಮುದ್ರದ ಕಥೆ. ಚೆನ್ನೈನಲ್ಲಿ 1988ರಿಂದ ವಿದ್ಯಾರ್ಥಿಗಳ ಕಡಲಾಮೆ ಸಂರಕ್ಷಣಾ ಜಾಲ ಅನ್ನೋ ಸ್ವಯಂಸೇವಕರ ಗುಂಪು ಇದೆ. ಮೊಟ್ಟೆ ಇಡುವ ಕಾಲದಲ್ಲಿ ಇವರು ರಾತ್ರಿ ಹೊತ್ತು ದಡದುದ್ದ ನಡೀತಾರೆ. ಗೂಡು ಕಂಡರೆ ಬರೀತಾರೆ, ಸತ್ತ ಆಮೆ ಕಂಡರೂ ಬರೀತಾರೆ. 2025ರ ಜನವರಿಯಲ್ಲಿ ತಮಿಳುನಾಡಿನ ದಡಕ್ಕೆ ನೂರಾರು ಆಲಿವ್ ರಿಡ್ಲೆ ಆಮೆಗಳ ಶವ ಬಂದು ಬಿದ್ದವು. 'ಪ್ರತಿ ವರ್ಷ ಸಾಯ್ತಾವೆ ಬಿಡಿ' ಅಂತ ಹೇಳಿ ಮುಗಿಸಲು ಆಗಲಿಲ್ಲ. ಹಿಂದಿನ ವರ್ಷಗಳ ಲೆಕ್ಕ ಕಣ್ಮುಂದೆ ಇತ್ತು. ದಡಕ್ಕೆ ಹತ್ತಿರ ಬಂದು ಬಲೆ ಎಳೆಯುವ ಟ್ರಾಲರ್ ದೋಣಿಗಳ ಬಗ್ಗೆ ಪ್ರಶ್ನೆ ಎದ್ದಿತು, ಹಸಿರು ನ್ಯಾಯಮಂಡಳಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಮೂವತ್ತೇಳು ವರ್ಷದ ನಡಿಗೆ ಒಂದು ದಿನ ಸಾಕ್ಷಿಯಾಗಿ ನಿಂತದ್ದು ಹೀಗೆ.

ಈಗ ನಮ್ಮ ಹೊಳೆಗೆ ಬರೋಣ.

34 ಕಿಲೋಮೀಟರ್ ಮೀಸಲು

2015ರಲ್ಲಿ ರಾಜ್ಯ ಸರ್ಕಾರ ತುಂಗಭದ್ರಾ ಜಲಾಶಯದ ಕೆಳಗಿನ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಹೊಳೆಯನ್ನು ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ ಅಂತ ಘೋಷಿಸಿತು. ಹಂಪಿ, ಆನೆಗೊಂದಿಯ ಬಂಡೆಗಳ ನಡುವೆ ಹರಿಯುವ ಭಾಗವೂ ಇದರೊಳಗೇ ಬರುತ್ತೆ. ನೀರುನಾಯಿಗೆ ಬೇಕಾದ್ದು ಮೀನು, ಬಂಡೆ ಸಂದಿ, ಜೊಂಡು, ಬಿಲ ತೋಡಲು ಗಟ್ಟಿ ದಂಡೆ. ಮರಳು ತೆಗೆದು ದಂಡೆ ಕುಸಿದರೆ ಬಿಲ ಹೋಯ್ತು. ಸಿಡಿಮದ್ದು ಹಾಕಿ ಮೀನು ಹಿಡಿದರೆ ಊಟ ಹೋಯ್ತು, ಕೆಲವೊಮ್ಮೆ ನೀರುನಾಯಿಯೂ ಹೋಯ್ತು.

ಕಂಪ್ಲಿ ದಾಟಿದ ಮೇಲೆ ಮೀಸಲು ಮುಗೀತು. ಹೊಳೆ ಮುಗಿಯಲ್ಲ, ಸಿರುಗುಪ್ಪದ ಕಡೆ ಹರೀತಾ ಹೋಗುತ್ತೆ. ಮೀನಿದ್ದಲ್ಲಿಗೆ ನೀರುನಾಯಿಯೂ ಹೋಗುತ್ತೆ. ಈ ಕೆಳಗಿನ ಭಾಗಕ್ಕೂ ರಕ್ಷಣೆ ಕೊಡಿ ಅಂತ ನಾವು ಕೇಳಿದರೆ ಅಧಿಕಾರಿಗಳ ಮೊದಲ ಪ್ರಶ್ನೆ 'ಅಲ್ಲಿ ಇದಾವಾ?' ಅಂತಲೇ ಇರುತ್ತೆ. 'ನಮ್ಮ ಮಾವ ನೋಡಿದಾರೆ' ಅನ್ನೋದು ನಿಜ ಇರಬಹುದು, ಕಡತಕ್ಕೆ ಸಾಲಲ್ಲ.

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದದ್ದು ಎಲ್ಲರಿಗೂ ನೆನಪಿದೆ. ತಾತ್ಕಾಲಿಕ ಗೇಟ್ ಕೂರಿಸಲು ಸುಮಾರು ಒಂದು ವಾರ ಹಿಡಿಯಿತು. ಅಷ್ಟೂ ದಿನ ಹರಿದ ಕ್ಯೂಸೆಕ್‌ಗಳನ್ನು ಟಿವಿಗಳು ಬಿಡದೆ ಹೇಳಿದವು. ಅಂಥ ಹರಿವಿನ ನಂತರ ದಂಡೆಯಲ್ಲಿ ಎಷ್ಟು ಬಿಲ ಉಳಿದವು ಅಂತ ಹೇಳಬೇಕಂದ್ರೆ, ಮುಂಚೆ ಎಷ್ಟಿದ್ದವು ಅಂತ ಗೊತ್ತಿರಬೇಕು. ಎಂಜಿನಿಯರಿಂಗ್ ಓದುವಾಗ ಲ್ಯಾಬ್‌ನಲ್ಲಿ ಮೊದಲು ಕಲಿಸೋದೇ ಇದನ್ನ: ಆರಂಭದ ರೀಡಿಂಗ್ ಇಲ್ಲದಿದ್ದರೆ ಕೊನೆಯ ರೀಡಿಂಗ್‌ಗೆ ಅರ್ಥ ಇಲ್ಲ.

ಲೆಕ್ಕ ಇಡುವುದು ಹೇಗೆ?

ಇದಕ್ಕೆ ಡ್ರೋನ್ ಬೇಡ. ಒಂದು ಕಿಲೋಮೀಟರ್ ದಂಡೆ ಆರಿಸಿಕೊಳ್ಳಿ. ಹದಿನೈದು ದಿನಕ್ಕೊಮ್ಮೆ ಅದೇ ದಂಡೆ, ಅದೇ ಹೊತ್ತು, ಅದೇ ನಮೂನೆ. ಇಬ್ಬರಿಗಿಂತ ಕಡಿಮೆ ಹೋಗಬೇಡಿ. ಹೊಳೆಯಲ್ಲಿ ಮೊಸಳೆ ಇವೆ, ಡ್ಯಾಮಿನಿಂದ ನೀರು ಬಿಟ್ಟರೆ ಮಟ್ಟ ದಿಢೀರ್ ಏರುತ್ತೆ.

ನೀರುನಾಯಿಯೇ ಕಾಣಬೇಕಂತಿಲ್ಲ, ಅದರ ಗುರುತು ಸಾಕು. ಗುಂಪಿನವೆಲ್ಲ ಒಂದೇ ಜಾಗದಲ್ಲಿ ಹಿಕ್ಕೆ ಹಾಕುತ್ತವೆ. ಅದರಲ್ಲಿ ಮೀನಿನ ಹುರುಪೆ ಹೊಳೆಯುತ್ತೆ, ವಾಸನೆಯೂ ಮೀನಿಂದೇ. ಹೆಜ್ಜೆಯಲ್ಲಿ ಐದು ಬೆರಳು ಮೂಡುತ್ತವೆ, ನಾಯಿಯದಾದರೆ ನಾಲ್ಕೇ. ಇದರ ಜೊತೆ ನೀರಿನ ಬಣ್ಣ, ಸತ್ತ ಮೀನು, ಹೊಸ ಮರಳು ಗುಂಡಿ, ಟ್ರ್ಯಾಕ್ಟರ್ ಜಾಡು, ಬಿಟ್ಟುಹೋದ ಬಲೆ, ಗದ್ದೆಯಿಂದ ಬಂದ ಔಷಧಿ ಡಬ್ಬಿ, ಎಲ್ಲವನ್ನೂ ದಿನಾಂಕ ಸಹಿತ ಬರೆದು ಫೋಟೋ ತೆಗೆಯಿರಿ.

ಮುಖ್ಯವಾದದ್ದು: ಏನೂ ಕಾಣದ ದಿನ 'ಏನೂ ಕಾಣಲಿಲ್ಲ' ಅಂತ ಬರೆಯಲೇಬೇಕು. ಕಂಡಾಗ ಮಾತ್ರ ಬರೆದರೆ ಅದು ಫೋಟೋ ಆಲ್ಬಮ್. ಕಾಣದ ದಿನವೂ ಸೇರಿದರೆ ಮಾತ್ರ ಲೆಕ್ಕ. ಆರು ತಿಂಗಳು ಸತತ ಕಂಡ ಗುರುತು ಮರಳು ಗುಂಡಿ ಬಿದ್ದ ನಂತರ ನಾಲ್ಕು ಸಲ ಕಾಣಲಿಲ್ಲ ಅಂದ್ರೆ, ಕೇಳೋಕೆ ಒಂದು ಪ್ರಶ್ನೆ ಸಿಕ್ಕ ಹಾಗೆ.

ಬಿಲ ಇರುವ ನಿಖರ ಜಾಗವನ್ನು ಇನ್‌ಸ್ಟಾಗ್ರಾಂಗೆ ಹಾಕಬೇಡಿ. ಈ ಪ್ರಾಣಿಯ ತುಪ್ಪಳಕ್ಕೆ ಕಳ್ಳಬೇಟೆಗಾರರಿದ್ದಾರೆ.

ಲೆಕ್ಕ ಒಯ್ದು ಯಾರಿಗೆ ಕೊಡೋದು?

ಇಲ್ಲಿಂದ ರಾಜಕೀಯ ಶುರು. ಸಂರಕ್ಷಣಾ ಮೀಸಲಿಗೆ ಒಂದು ನಿರ್ವಹಣಾ ಸಮಿತಿ ಇರಬೇಕು ಅಂತ ವನ್ಯಜೀವಿ ಕಾಯ್ದೆಯ 36ಬಿ ಕಲಂ ಹೇಳುತ್ತೆ. ಅದರಲ್ಲಿ ಮೀಸಲಿನ ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯ್ತಿಯಿಂದ ಒಬ್ಬ ಪ್ರತಿನಿಧಿ, ಮೂವರು ಸ್ವಯಂಸೇವಾ ಸಂಸ್ಥೆಯವರು, ಕೃಷಿ ಮತ್ತು ಪಶುಸಂಗೋಪನಾ ಇಲಾಖೆಯವರು ಇರಬೇಕು. ನಿಮ್ಮ ಊರು ಮೀಸಲಿಗೆ ಸೇರಿದ್ದರೆ ಆ ಪ್ರತಿನಿಧಿ ಯಾರು, ಕೊನೆಯ ಸಭೆ ಯಾವಾಗ ಆಯ್ತು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ.

ಮೀಸಲಿನ ಹೊರಗಿನ ಪಂಚಾಯ್ತಿಗಳಿಗೂ ದಾರಿ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನರ ಜೊತೆ ಕೂತು ದಾಖಲಾತಿ ಪುಸ್ತಕ ಮಾಡಬೇಕು. ನಿಮ್ಮ ನೋಟ್‌ಬುಕ್ ಸೇರಬೇಕಾದ್ದು ಆ ಪುಸ್ತಕಕ್ಕೆ. ಪಿಡಿಒ ಹತ್ತಿರ ಅದನ್ನು ತೋರಿಸಿ ಅಂತ ಕೇಳುವುದೇ ಮೊದಲ ಹೆಜ್ಜೆ.

'ಸರ್ಕಾರ ಮಾಡಬೇಕಾದ ಕೆಲಸ ನಾವು ಪುಕ್ಕಟೆ ಯಾಕೆ ಮಾಡಬೇಕು?' ಅನ್ನೋ ತಕರಾರು ನ್ಯಾಯವಾದದ್ದೇ. ಗಸ್ತು ತಿರುಗುವುದು, ಕೇಸು ಹಾಕುವುದು ಇಲಾಖೆಯ ಕೆಲಸ, ಅದನ್ನು ನಾವು ಹೊರಬಾರದು. ನಮ್ಮ ಲೆಕ್ಕ ಇರುವುದು ಇಲಾಖೆ ಕೆಲಸ ಮಾಡಿತಾ ಇಲ್ವಾ ಅಂತ ಕೇಳೋದಕ್ಕೆ.

ಇನ್ನೊಂದು ಎಚ್ಚರ: ಮೀನುಗಾರರನ್ನು ಕಳ್ಳರ ಹಾಗೆ ನೋಡುವ ಸಂರಕ್ಷಣೆ ದಂಡೆಯಲ್ಲಿ ಬಾಳಲ್ಲ. ನೀರುನಾಯಿ ಬಲೆ ಹರಿದರೆ ನಷ್ಟ ಅವರದ್ದು. ಬೆಳಗಿನ ಜಾವ ಹರಿಗೋಲು ಇಳಿಸುವವರಿಗೆ ಗೊತ್ತಿರುವಷ್ಟು ಹೊಳೆ ಡಿಗ್ರಿ ಓದಿದವರಿಗೆ ಗೊತ್ತಿಲ್ಲ. ಹರಿದ ಬಲೆಯೂ ಅದೇ ನಮೂನೆಯಲ್ಲಿ ದಾಖಲಾಗಲಿ. ಪರಿಹಾರ ಕೇಳುವಾಗ ಅವರಿಗೂ ಲೆಕ್ಕ ಬೇಕು.

ಗೇಟು ಮುರಿದಾಗ ನಾವೆಲ್ಲ ಹೊಳೆ ಕಡೆ ಓಡಿದ್ವಿ. ಏನೂ ಮುರಿಯದ ಒಂದು ಭಾನುವಾರ, ಒಂದು ನೋಟ್‌ಬುಕ್ ಹಿಡಿದು ಹೋದರೆ ಲೆಕ್ಕ ಶುರುವಾಗುತ್ತೆ.